ಮಕ್ತುಂ ಚಾಚಾನ ಅಕ್ಷರಗಳು ಕುಗ್ಗಿದ ವರ್ಷ

ಹೋದ ತಿಂಗಳು ಧಾರವಾಡದ ನಮ್ಮ ಮನೆಯ ಗೇಟಿಗೆ ಬಣ್ಣ ಹಚ್ಚಿಸಿದೆವು. ಟರ್ಪೆಂಟೈನ್ ವಾಸನೆಗೆ ಹೆದರಿ ಮನೆಯವರೆಲ್ಲ ಕಿಟಕಿ ಮುಚ್ಚಿಕೊಂಡು ಒಳಗೆ ಕೂತರೆ, ನಾನು ಮಾತ್ರ ಗೇಟಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಪೇಪರು ಓದುವ ನಾಟಕ ಮಾಡುತ್ತಿದ್ದೆ. 'ಅಲ್ಲೇನ್ ಛಲೋ ವಾಸನಿ ಐತಿ ಅಂತ ಕುಂತೀಯವಾ?' ಎಂದು ಅತ್ತೆ ಒಳಗಿನಿಂದಲೇ ಕೂಗಿದರು. ಒಳ್ಳೆಯ ವಾಸನೆ ಅಲ್ಲ, ಒಪ್ಪುತ್ತೇನೆ. ಆದರೆ ನನ್ನ ಜೀವನದ ಬಲು ಸಂತೋಷದ ನಾಲ್ಕು ತಿಂಗಳಿಗೆ ಇದೇ ವಾಸನೆ ಇತ್ತು. ಅದರ ಜೊತೆಗೆ ಹೊಸ ಜೋಳದ ಹಿಟ್ಟಿನ ವಾಸನೆಯೂ ಬೆರೆತಿತ್ತು, ಅಷ್ಟೇ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಹುಬ್ಬಳ್ಳಿಯಲ್ಲಿ ಎಂ.ಫಾರ್ಮ್ ಎರಡನೇ ವರ್ಷದಲ್ಲಿದ್ದೆ. ನಮ್ಮೂರು ಮುಗದ. ಅಲ್ಲಿಂದ ದಿನಾ ಬಸ್ಸು ಹಿಡಿದು ಎಂಟು ಗಂಟೆಗೆ ಪ್ರಯೋಗಾಲಯ ಸೇರುವುದು ಆಗದ ಮಾತು. ಹಾಗಾಗಿ ದೇಶಪಾಂಡೆ ನಗರದ ಒಂದು ಓಣಿಯಲ್ಲಿ, ಚನ್ನಪ್ಪ ಕಾಕಾನ ಹಿಟ್ಟಿನ ಗಿರಣಿಯ ಮೇಲಿದ್ದ ಖೋಲಿ ಹಿಡಿದಿದ್ದೆ. ಬೆಳಿಗ್ಗೆ ಗಿರಣಿ ಶುರುವಾದರೆ ನನ್ನ ಮಂಚ ನಡುಗುತ್ತಿತ್ತು. ನೋಟ್ಸು, ದಿಂಬು, ಜಡೆ ಎಲ್ಲದರ ಮೇಲೂ ತೆಳ್ಳಗೆ ಹಿಟ್ಟು. ಗಿರಣಿಯಾದರೂ ಕರೆಂಟು ಹೋದಾಗ ನಿಲ್ಲುತ್ತಿತ್ತು, ಚನ್ನಪ್ಪ ಕಾಕಾನ ಬಾಯಿ ಅದಕ್ಕೂ ನಿಲ್ಲುತ್ತಿರಲಿಲ್ಲ.

ನಾನು ಡಾಕ್ಟರ್ ಓದುತ್ತಿದ್ದೇನೆ ಎಂದು ಓಣಿಗೆಲ್ಲ ಸಾರಿದವರು ಅವರೇ. 'ಕಾಕಾ, ನಂದು ಔಷಧದ ಓದ್ರಿ, ಡಾಕ್ಟರ್ ಅಲ್ಲ' ಎಂದೆ. 'ಔಷಧಾ ಗೊತ್ತಿದ್ದಾವ್ರ ಡಾಕ್ಟರ್ ಅಲ್ಲೇನವಾ?' ಎಂದರು. ಎರಡನೇ ದಿನವೂ ತಿದ್ದಿದೆ. ಮೂರನೇ ದಿನ ಸುಮ್ಮನಾದೆ. ನಾಲ್ಕನೇ ದಿನದಿಂದ, ಸುಳ್ಳು ಯಾಕೆ ಹೇಳಲಿ, ಅದು ನನಗೆ ಹಿಡಿಸತೊಡಗಿತು. ಹಿಟ್ಟು ಬೀಸಿಸಲು ಬಂದ ಹೆಂಗಸರು ಡಬ್ಬಿಯ ಜೊತೆ ಗುಳಿಗೆಯ ಚೀಟಿಯನ್ನೂ ತಂದು ತೋರಿಸುವರು. ನಾನು ಹುಬ್ಬು ಗಂಟಿಕ್ಕಿ ಓದಿ ಹೇಳುವೆ. ಇಪ್ಪತ್ತಮೂರರ ವಯಸ್ಸಿಗೆ ಅಷ್ಟು ಮರ್ಯಾದೆ ಸಿಕ್ಕರೆ ಯಾರು ಬೇಡ ಅಂತಾರೆ?

ಗಿರಣಿಯ ಎದುರಿನ ತಗಡಿನ ಶೆಡ್ಡು ಮಕ್ತುಂ ಚಾಚಾನದು. ಅವರು ಅಂಗಡಿಗಳ ಬೋರ್ಡು ಬರೆಯುವ ಪೇಂಟರ್. ಪ್ರಿಂಟಾದ ಫ್ಲೆಕ್ಸು ಇನ್ನೂ ಬಂದಿರಲಿಲ್ಲ, ದುರ್ಗದಬೈಲಿನಿಂದ ನಮ್ಮ ಓಣಿಯವರೆಗೆ ಅರ್ಧಕ್ಕರ್ಧ ಬೋರ್ಡು ಅವರ ಕೈಯವೇ. ಬೇರೆ ಪೇಂಟರುಗಳು ಮೇಲೊಂದು ಕೆಳಗೊಂದು ಗೆರೆ ಎಳೆದು, ನಡುವೆ ಸೀಮೆಸುಣ್ಣದಲ್ಲಿ ಅಕ್ಷರ ಗೀಚಿಕೊಂಡು, ಆಮೇಲೆ ಬಣ್ಣ ತುಂಬುವರು. ಚಾಚಾ ಹಾಗಲ್ಲ. ಬಣ್ಣದ ಪುಡಿ ಸವರಿದ ದಾರವನ್ನು ಬಿಗಿಹಿಡಿದು ಒಮ್ಮೆ ಜಗ್ಗಿ ಬಿಟ್ಟು, ಕೆಳಗೆ ಒಂದೇ ಒಂದು ಗೆರೆ ಮೂಡಿಸುವರು. ಉಳಿದದ್ದೆಲ್ಲ ಕಣ್ಣಳತೆ. 'ಮೊದಲ ಗೀಚಿ ಬರದ್ರ ಅದು ನಕಲು, ಬೇಟಿ. ನಮ್ಮ ಉಸ್ತಾದರು ಕೈಮ್ಯಾಲೆ ಹೊಡದ ಕಲಿಸ್ಯಾರ' ಎನ್ನುವರು.

ಎರಡು ವರ್ಷದ ಹಿಂದೆ ಅವರಿಗೆ ದೊಡ್ಡ ಕಾಯಿಲೆಯಾಗಿತ್ತಂತೆ. ಅದನ್ನು ಹೇಳಿದವರು ಅವರ ಹೆಂಡತಿ ಬೀಬಿಜಾನ್ ಚಾಚಿ. ಯಾರೂ ಇಲ್ಲದ ಕಡೆಯಿಂದ ದನಿ ಕೇಳುತ್ತಿದ್ದವು. ತಾವೇ ಬರೆದ ಬೋರ್ಡುಗಳು ತಮ್ಮನ್ನೇ ಬೈಯುತ್ತವೆ ಎಂದು ಚಾಚಾ ಊಟ ನಿದ್ದೆ ಬಿಟ್ಟು ಕೂತಿದ್ದರು. ಮನೋರೋಗದ ಡಾಕ್ಟರು ಕೊಟ್ಟ ಗುಳಿಗೆ ತಿಂಗಳೊಳಗೆ ದನಿಗಳನ್ನೆಲ್ಲ ಓಡಿಸಿತು. ಅಂದಿನಿಂದ ದಿನಾ ಊಟವಾದ ಮೇಲೆ ಚಾಚಿ ಅವರ ಅಂಗೈಯಲ್ಲಿ ಒಂದು ಗುಳಿಗೆ ಇಡುವರು. ತಿಂಗಳಿಗೊಮ್ಮೆ ತಾವೇ ಆಸ್ಪತ್ರೆಗೆ ಹೋಗಿ, 'ಆರಾಮ ಅದಾರ್ರಿ, ನಿದ್ದಿ ಬರತೈತಿ' ಎಂದು ಹೇಳಿ ಅದೇ ಗುಳಿಗೆ ಬರೆಸಿಕೊಂಡು ಬರುವರು.

ಆಷಾಢದ ಗಾಳಿಯಲ್ಲಿ ನಮ್ಮ ಕಾಲೇಜಿನ ದೇಸಾಯಿ ಮೇಡಂ ನನಗೆ ಸೆಮಿನಾರಿನ ವಿಷಯ ಕೊಟ್ಟರು: ಮಿದುಳಿನಲ್ಲಿ ಸಿರೊಟೋನಿನ್ ಎಂಬ ರಾಸಾಯನಿಕ, ಡೋಪಮಿನ್ ಎಂಬ ಇನ್ನೊಂದರ ಕೆಲಸವನ್ನು ಹೇಗೆ ಹಿಡಿಯುತ್ತದೆ, ಹೇಗೆ ಬಿಡುತ್ತದೆ. ದೊಡ್ಡ ಚಾರ್ಟು ಬೇಕಿತ್ತು. ಬಿಳಿ ಹಾಳೆ ಕೊಂಡು ಚಾಚಾನ ಕೈಗಿತ್ತೆ. ಮಿದುಳಿನ ಚಿತ್ರ, ಅದರ ಕೆಳಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಮೂರನೇ ಸಾಲು ಹೀಗಿತ್ತು: ಡೋಪಮಿನ್ ಕೆಲಸ ತಗ್ಗಿದರೆ ಮೈ ಬಿಗಿಯುತ್ತದೆ, ನಡಿಗೆ ನಿಧಾನವಾಗುತ್ತದೆ, ಕೈಬರಹ ಸಣ್ಣದಾಗುತ್ತ ಹೋಗುತ್ತದೆ.

ಒಂದು ದಿನದ ಕೆಲಸಕ್ಕೆ ಚಾಚಾ ಆರು ದಿನ ತೆಗೆದುಕೊಂಡರು. ತಂದು ಬಿಚ್ಚಿದರೆ, ಪ್ರತಿ ಸಾಲಿನ ಮೊದಲ ಅಕ್ಷರ ಕಡ್ಡಿಪೆಟ್ಟಿಗೆಯಷ್ಟು, ಕೊನೆಯದು ಅಕ್ಕಿಕಾಳಿನಷ್ಟು.

'ಇದೇನ್ರಿ ಚಾಚಾ! ಹಿಂದಿನ ಬೆಂಚಿನ ಮಂದಿಗೆ ಇದು ಹ್ಯಾಂಗ ಕಾಣಸ್ತೈತಿ?' ಎಂದು ಎಲ್ಲರೆದುರೇ ದಬಾಯಿಸಿದೆ.

'ಚಶ್ಮಾ ಬದಲಿ ಮಾಡಬೇಕು ಬೇಟಿ. ಹೋದ ವರ್ಷದಿಂದ ಇದು ಮೂರನೇದು, ಒಂದೂ ಬರೋಬರಿ ಆಗವಲ್ದು' ಎಂದು ಅವರು ಕನ್ನಡಕ ತೆಗೆದು ಒರೆಸಿದರು.

'ಚಶ್ಮಾ ಅಲ್ಲವಾ, ಬಣ್ಣಾ ಉಳಸಾಕತ್ತಾನಾಂವ' ಎಂದು ಚನ್ನಪ್ಪ ಕಾಕಾ ಗಿರಣಿಯಿಂದಲೇ ನಗೆಯಾಡಿದರು. ಎಲ್ಲರೂ ನಕ್ಕೆವು. ಚಾಚಾ ಕೂಡ 'ಹಾಂ ಹಾಂ' ಎಂದರು, ಆದರೆ ಅವರ ಮುಖದಲ್ಲಿ ಏನೂ ಅಲುಗಲಿಲ್ಲ.

ಬೈದರೂ ಚಾರ್ಟನ್ನು ಬಿಸಾಡಲು ಮನಸ್ಸಾಗದೆ ಖೋಲಿಯ ಗೋಡೆಗೆ ತೂಗುಹಾಕಿದೆ. ವಾರದ ನಂತರ ಒಂದು ಮಧ್ಯಾಹ್ನ ಅದರ ಮುಂದೆ ನಿಂತು, ಗಿರಣಿಯ ಸದ್ದಿಗೆ ಪೈಪೋಟಿ ಕೊಟ್ಟು ಸೆಮಿನಾರು ಒದರುತ್ತಿದ್ದೆ. ಮೂರನೇ ಸಾಲಿಗೆ ಬಂದೆ. 'ಕೈಬರಹ ಸಣ್ಣದಾಗುತ್ತ ಹೋಗುತ್ತದೆ' ಎಂದು ಓದುತ್ತಿದ್ದ ಹಾಗೆ ಆ ಸಾಲೇ ನನ್ನ ಕಣ್ಣೆದುರು ಸಣ್ಣದಾಗುತ್ತ ಹೋಗಿತ್ತು. ಚಾಚಾನ ಅಲುಗದ ಮುಖ, ಕೈ ಬೀಸದ ನಡಿಗೆ, ಚಹಾದ ಬಸಿ ಹಿಡಿದಾಗಿನ ನಡುಕ, ಎಲ್ಲ ಸಾಲಾಗಿ ನೆನಪಾದವು. ಅವರ ಗುಳಿಗೆ ಡೋಪಮಿನ್ನಿಗೆ ಅಡ್ಡ ನಿಲ್ಲುವ ಹಳೆಯ ಗುಳಿಗೆ. ಚೀಟಿಯನ್ನು ನಾನೇ ಓದಿ ಹೇಳಿದ್ದೆ! ಪುಸ್ತಕದಲ್ಲಿದ್ದ ರೋಗಿ ಎದುರಿನ ಶೆಡ್ಡಿನಲ್ಲೇ ಇದ್ದರು, ನಾನು ಅವರನ್ನು ಬೈದು ಕಳಿಸಿದ್ದೆ.

ನಾಚಿಕೆಯ ಮಾತು ಏನೆಂದರೆ, ಆಗ ನನಗೆ ಮೊದಲು ಬಂದದ್ದು ಕನಿಕರವಲ್ಲ, ಖುಷಿ. ಕಂಡುಹಿಡಿದೆನೆಂಬ ಖುಷಿ. ಚಪ್ಪಲಿಯನ್ನೂ ಹಾಕದೆ ಮೆಟ್ಟಿಲಿಳಿದು ಓಡಿದೆ.

'ಚಾಚಾ, ನಿಮ್ಮ ಕಣ್ಣು ಬರೋಬರಿ ಅದಾವ್ರಿ! ನಿಮ್ಮ ಕೈ ಹಿಡದದ್ದು ಆ ಗುಳಗಿ!'

ಚಾಚಾ ಕುಂಚವನ್ನು ನಿಧಾನವಾಗಿ ಕೆಳಗಿಟ್ಟರು. 'ಗುಳಗೀನ? ಅಂದ್ರ ಗುಳಗಿ ಬಿಟ್ರ ನನ್ನ ಅಕ್ಷರಾ ಬರ್ತಾವ?'

'ಬರ್ತಾವ್ರಿ. ಆದ್ರ ನಿಮ್ಮ ಡಾಕ್ಟರನ್ನ ಕೇಳಿ...'

ಮೊದಲ ಮಾತಿಗೇ ಅವರು ಎದ್ದು ನಿಂತಿದ್ದರು. ಉಳಿದದ್ದನ್ನು ನಾನೂ ಒತ್ತಿ ಹೇಳಲಿಲ್ಲ.

ಅಂದಿನಿಂದ ಚಾಚಾ ಗುಳಿಗೆಯನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು, ಚಾಚಿ ಅತ್ತ ಹೋದೊಡನೆ ಉಗುಳತೊಡಗಿದರು. ನನಗದು ಗೊತ್ತಿರಲಿಲ್ಲ. ಎರಡು ವಾರದಲ್ಲಿ ಅವರ ನಡಿಗೆ ಸ್ವಲ್ಪ ಸಡಿಲಾಯಿತು. ಒಂದು ಸೈಕಲ್ ಅಂಗಡಿಯ ಬೋರ್ಡು ಪರವಾಗಿಲ್ಲ ಎನ್ನುವಂತೆ ಬಂತು. ಡಾಕ್ಟರು ಗುಳಿಗೆ ಬದಲಿಸಿರಬೇಕು, ಅದಕ್ಕೆ ನಾನೇ ಕಾರಣ ಎಂದು ಒಳಗೊಳಗೇ ಬೀಗಿದೆ. ಶ್ರಾವಣದ ಎರಡನೇ ಸೋಮವಾರ ಕಾಲೇಜಿನಿಂದ ಬಂದು ನೋಡಿದರೆ, ಶೆಡ್ಡಿನಲ್ಲಿದ್ದ ಬೋರ್ಡುಗಳೆಲ್ಲ ಮುಖ ತಿರುಗಿಸಿ ಗೋಡೆಗೆ ಒರಗಿದ್ದವು. ಚಾಚಾ ಎರಡೂ ಕಿವಿ ಮುಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದರು.

ಚಾಚಿ ಮೆಟ್ಟಿಲು ಹತ್ತಿ ನನ್ನ ಖೋಲಿಗೆ ಬಂದರು. ಕುಂಚ ತೊಳೆಯುವ ಡಬ್ಬಿಯ ತಳದಲ್ಲಿ ಸಿಕ್ಕ ಗುಳಿಗೆಗಳು ಅವರ ಸೆರಗಿನಲ್ಲಿದ್ದವು. 'ಡಾಕ್ಟರ್ ಬಿಡು ಅಂದಾರ ಅಂದ್ರು. ಯಾವ ಡಾಕ್ಟರ್ ಅಂತ ಕೇಳಿದ್ರ ನಿಮ್ಮ ಕಡೆ ಬಟ್ಟ ಮಾಡಿದ್ರು.'

'ನಾನು ಡಾಕ್ಟರ್ ಅಲ್ರಿ ಚಾಚಿ' ಎಂದೆ. ಮೂರನೇ ದಿನ ನುಂಗಿಕೊಂಡಿದ್ದ ಮಾತು ಅದು. ಹೇಳಿ ಅತ್ತೆ. ಚಾಚಿ ಬೈದಿದ್ದರೆ ಚೆನ್ನಾಗಿತ್ತು. ಅವರು ನನ್ನ ಕೊಡದಿಂದ ನೀರು ಬಗ್ಗಿಸಿ ನನಗೇ ಕುಡಿಸಿದರು.

ಮರುದಿನ ದೇಸಾಯಿ ಮೇಡಂ ಮುಂದೆ ಎಲ್ಲ ಹೇಳಿಕೊಂಡೆ. ಅವರು ಬಿಡಲಿಲ್ಲ. 'ಅರ್ಧಾ ಸೆಮಿನಾರ್ ಓಣ್ಯಾಗ ಕೊಟ್ಟು ಬಂದೀ. ಗುಳಿಗಿ ಯಾಕ ಕೈ ಹಿಡೀತದ ಅನ್ನೋದು ಹೇಳಿದಿ, ಅದನ್ನ ಬಿಟ್ರ ಏನಾಗ್ತದ ಅನ್ನೋದು ನುಂಗಿದಿ. ಏಳು, ಆ ಡಾಕ್ಟರ್ ಕಡೆ ಹೋಗೋಣು' ಎಂದು ಅದೇ ದಿನ ನಮ್ಮೆಲ್ಲರನ್ನೂ ಆಟೋದಲ್ಲಿ ತುಂಬಿಕೊಂಡು ಹೊರಟರು.

ಡಾಕ್ಟರು ಚಾಚಾನ ಕೈಗೆ ಪೆನ್ನು ಕೊಟ್ಟು ಒಂದು ಸಾಲು ಬರೆಸಿದರು. ಸಾಲು ಕೊನೆಗೆ ಕುಗ್ಗಿತ್ತು. 'ಕೈಯಿಂದು ನೀವು ಹೇಳಲಿಲ್ಲ, ನಾನೂ ಕೇಳಲಿಲ್ಲ. ಬರೇ ನಿದ್ದಿ ಕೇಳಿ ಗುಳಿಗಿ ಬರದು ಕಳಿಸಿದೆ. ತಪ್ಪಾತು' ಎಂದರು. ಬೋರ್ಡು ಹೇಗೆ ಬರೆಯುತ್ತೀರಿ ಎಂದು ಕೇಳಿದಾಗ ಚಾಚಾ ತಮ್ಮ ಉಪಾಯ ಬಿಚ್ಚಿಟ್ಟರು. ಕೊನೆಕೊನೆಗೆ ಅಕ್ಷರ ಕುಗ್ಗುತ್ತದೆಂದು ಎರಡು ವರ್ಷದಿಂದ ಅವರು ಮೊದಲ ಅಕ್ಷರಗಳನ್ನು ಬೇಕೆಂದೇ ಹಿಗ್ಗಿಸಿ ಬರೆಯುತ್ತಿದ್ದರಂತೆ. ಇಲ್ಲದಿದ್ದರೆ ಬೋರ್ಡು ಅರ್ಧ ಖಾಲಿ ಉಳಿಯುತ್ತಿತ್ತು. ಬಿಗಿತ ಬಿಡಿಸುವ ಬೇರೊಂದು ಗುಳಿಗೆ ಇತ್ತು, ಆದರೆ ಚಾಚಾನ ಕಣ್ಣಿನಲ್ಲಿ ಒತ್ತಡ ಹೆಚ್ಚಿದ್ದರಿಂದ ಅದು ಆಗಿಬರುವಂತಿರಲಿಲ್ಲ. ಹುಬ್ಬಳ್ಳಿಗೆ ಆಗಷ್ಟೇ ಬಂದಿದ್ದ ಹೊಸ ಗುಳಿಗೆಯನ್ನು ಬರೆದುಕೊಟ್ಟರು.

ಅಲ್ಲಿ ತಲೆ ಆಡಿಸಿದ ಚಾಚಾ ಓಣಿಗೆ ಬಂದ ಮೇಲೆ ಗುಳಿಗೆ ಮುಟ್ಟಲಿಲ್ಲ. 'ತಲಿ ಉಳಿಸಿಕೊಂಡ್ರ ಕೈ ಹೋಗತೈತಿ. ಕೈ ಉಳಿಸಿಕೊಂಡ್ರ ತಲಿ ಹೋಗತೈತಿ. ಎರಡೂ ಕೊಡೂದಿಲ್ಲ ನಿಮ್ಮ ಗುಳಗಿ. ಇದು ಹ್ಯಾಂಗ ಬ್ಯಾರೆ ಅಂತ ತಿಳಿಸಿ ಹೇಳ್ರಿ, ಆಮ್ಯಾಲೆ ತಗೋತೀನಿ' ಎಂದು ಗಿರಣಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ಚಾಚಿ ನನ್ನನ್ನು ನೋಡಿದರು. ನಾನು ಗಿರಣಿಯನ್ನು ನೋಡಿದೆ.

ಗಿರಣಿಯ ನೆತ್ತಿಯಲ್ಲಿ ಜೋಳ ಸುರಿಯುವ ತಗಡಿನ ಡಬ್ಬಿ. ಅದರ ಬಾಯಿಗೆ ಸರಿಸುವ ಹಲಗೆ. ಆ ಹಲಗೆಯ ಮೇಲೆ ಯಾವಾಗಲೂ ಚನ್ನಪ್ಪ ಕಾಕಾನ ಕೈ. ಜೋಳ ಜಾಸ್ತಿ ಬಿದ್ದರೆ ಒತ್ತುವರು, ಕಡಿಮೆಯಾದರೆ ಎಳೆಯುವರು.

'ಚಾಚಾ, ಆ ಜೋಳ ಐತಲ್ರಿ, ಅದ ಡೋಪಮಿನ್ ಅಂತ ತಿಳೀರಿ' ಎಂದು ಶುರುಮಾಡಿದೆ. 'ಬೀಸೂ ಕಲ್ಲು ಅಂದ್ರ ಅದನ್ನ ತಗೊಂಡು ಕೆಲಸಾ ಮಾಡೂ ಜಾಗಾ. ನಮ್ಮ ತಲ್ಯಾಗ ಇಂಥಾ ಗಿರಣಿ ಭಾಳ ಅದಾವು. ಒಂದರಾಗ ಜೋಳಾ ಹೆಚ್ಚು ಬಿತ್ತು, ನಿಮಗ ದನಿ ಕೇಳಿದ್ವು. ಹಳೇ ಗುಳಗಿ ಕಲ್ಲಿನ ಬಾಯಿಗೆ ಬಟ್ಟಿ-ಅರಿವಿ ತುರಕಿತು. ಆ ಒಂದಕ್ಕ ಅಲ್ಲ, ಎಲ್ಲಾ ಗಿರಣಿಗೂ. ನಿಮ್ಮ ಕೈ ನಡಸೂ ಗಿರಣಿನೂ ನಿಂತತು.'

'ಹೊಸಾದು?'

'ಅದೂ ಅರಿವಿ ತುರಕತೈತಿ. ಆದ್ರ ಇನ್ನೊಂದು ಮಾಡತೈತಿ. ಹಲಗಿ ಮ್ಯಾಲೆ ಕಾಕಾನ ಕೈ ಐತಲ್ರಿ, ಹಂಗ ಡೋಪಮಿನ್ ಮ್ಯಾಲೆ ಸಿರೊಟೋನಿನ್ನಿಂದು ಒಂದು ಕೈ ಇರತೈತಿ. ಸಾವಕಾಶ ಬೀಳು ಅಂತ ಒತ್ತಿ ಹಿಡದಿರತೈತಿ. ಹೊಸಾ ಗುಳಗಿ ಆ ಕೈಯನ್ನ ಸಡಲಸತೈತಿ. ಅದರ ಹಿಂದ ಜೋಳಾ ಜೋರ್ಲೆ ಬಂದು ಅರಿವಿನ್ನ ಸ್ವಲ್ಪ ಸರಿಸಿ ಕಲ್ಲಿಗೆ ಹೋಗತೈತಿ. ಕೈ ನಡೀತೈತಿ.'

ಚಾಚಾ ಏನೋ ಕೇಳಬೇಕೆನ್ನುವಷ್ಟರಲ್ಲಿ ಚನ್ನಪ್ಪ ಕಾಕಾ ಗಿರಣಿಯನ್ನೇ ಬಂದ್ ಮಾಡಿದರು. 'ತಡಿಯವಾ. ಹಲಗಿ ಸಡಲ ಬಿಟ್ರ ದನಿ ಬರೂ ಗಿರಣ್ಯಾಗೂ ಜೋಳಾ ಸುರೀತೈತಲ್ಲ? ಮತ್ತ ದನಿ ಬರೂದಿಲ್ಲೇನು?'

ಈ ಸಲ ಮಾತ್ರ ಗೊತ್ತಿರುವಂತೆ ನಟಿಸಲಿಲ್ಲ. 'ಗೊತ್ತಿಲ್ರಿ ಕಾಕಾ. ನಾಳೆ ಕೇಳಿಕೊಂಡು ಬರ್ತೇನಿ. ಮತ್ತ ಇನ್ನೊಂದು, ನಾನು ಡಾಕ್ಟರ್ ಅಲ್ಲ, ಆಗೂದೂ ಇಲ್ಲ' ಎಂದು ಹಿಟ್ಟಿಗೆ ನಿಂತಿದ್ದವರೆಲ್ಲ ಕೇಳುವಂತೆ ಹೇಳಿದೆ.

'ಈಗ ಗೊತ್ತಾತು ತಗೋ. ಡಾಕ್ಟರ್ ಆಗಿದ್ರ ಇಷ್ಟೊತ್ತು ಕುಂತು ತಿಳಿಸಿ ಹೇಳತಿದ್ದೀಯೇನು?' ಎಂದರು ಕಾಕಾ.

ಮರುದಿನ ಮೇಡಂ ಆ ಪ್ರಶ್ನೆ ಕೇಳಿ ಕುರ್ಚಿಯಲ್ಲಿ ನೆಟ್ಟಗಾದರು. ದನಿಗೆ ಸಂಬಂಧಿಸಿದ ಜಾಗದಲ್ಲಿ ಸಿರೊಟೋನಿನ್ನಿನ ಆ ಹಿಡಿತ ಅಷ್ಟು ಬಿಗಿಯಾಗಿರುವುದಿಲ್ಲ, ಆದ್ದರಿಂದ ಸಡಿಲಿಸಿದರೂ ಅಲ್ಲಿ ಹೆಚ್ಚೇನೂ ಸುರಿಯುವುದಿಲ್ಲ, ಹೀಗೆಂದು ತಿಳಿದವರು ಹೇಳುತ್ತಾರೆ ಎಂದರು. 'ಅದೂ ಪೂರ್ತಿ ಅಲ್ಲ. ಕೆಲವು ಕಡೆ ಸಿರೊಟೋನಿನ್ ಹಿಡಿಯೋದಿಲ್ಲ, ದೂಡ್ತದ. ಮಿದುಳು ಒಂದ ಗಿರಣಿ ಅಲ್ಲ. ಅಂದಹಾಗ ಆ ನಿಮ್ಮ ಕಾಕಾನ್ನ ನಮ್ಮ ಕಾಲೇಜಿಗೆ ಹಚ್ಚು, ಬೆಂಚ್ ಖಾಲಿ ಅವ.'

ಉತ್ತರ ತಂದು ಒಪ್ಪಿಸಿದೆ. ಚಾಚಾ ಎದ್ದು ಹೋಗಿ ಹಲಗೆಯನ್ನು ಒಮ್ಮೆ ಎಳೆದು ನೋಡಿದರು. 'ಅಂದ್ರ ಹಿಡದ ಕೈ ಬಿಡಸೂದೂ ಒಂದು ಔಷಧಾನ ಅನ್ನು' ಎಂದರು. ಆಮೇಲೆ ಚಾಚಿಯ ಕಡೆ ಅಂಗೈ ಚಾಚಿದರು.

ಇನ್ನು ಕಾಯುವುದೊಂದೇ ಕೆಲಸ. ದಿನಾ ಬೆಳಿಗ್ಗೆ ಒಂದೇ ಶಬ್ದವನ್ನು ಬರೆದು ಇಡಲು ಡಾಕ್ಟರು ಹೇಳಿದ್ದರು. ಚಾಚಾ ಹಳೆಯ ಪೇಪರಿನ ಮೇಲೆ ಕುಂಚದಿಂದ 'ಹುಬ್ಬಳ್ಳಿ' ಎಂದು ಬರೆಯುವರು. ಕಾಲೇಜಿಗೆ ಹೊರಟಾಗ ನಾನು ಅದನ್ನು ಎತ್ತಿ ನೋಡುವೆ. ಗಣಪತಿ ಕೂಡುವ ಹೊತ್ತಿಗೆ ದನಿಗಳು ಹೋದವು. ಗೋಡೆಗೆ ಮುಖ ಮಾಡಿದ್ದ ಬೋರ್ಡುಗಳನ್ನು ಚಾಚಿ ಒಂದೊಂದಾಗಿ ತಿರುಗಿಸಿ ಇಟ್ಟರು. ಕೈ ಮಾತ್ರ ಹಾಗೇ ಇತ್ತು. 'ಹು' ದೊಡ್ಡದು, 'ಳ್ಳಿ' ಸಣ್ಣದು. ನನಗೆ ಊಟ ಸೇರುತ್ತಿರಲಿಲ್ಲ. ಗಿರಣಿಯ ಕಥೆ ಹೇಳಿ ಒಪ್ಪಿಸಿದವಳು ನಾನು, ಆ ಕಥೆ ಸುಳ್ಳಾದರೆ?

ದಸರೆಯ ಬನ್ನಿ ಹಬ್ಬದ ಸಂಜೆ ಚಾಚಾ ರಸ್ತೆ ದಾಟಿ ಬಂದು ಚನ್ನಪ್ಪ ಕಾಕಾನ ಕೈಗೆ ಬನ್ನಿ ಎಲೆ ಕೊಟ್ಟರು, 'ಬಂಗಾರದ್ಹಂಗ ಇರೂಣು' ಎಂದರು. ಹೇಳುವಾಗ ಅವರ ಬಾಯಿಯ ಎರಡೂ ತುದಿ ಮೇಲೇರಿದವು, ಕಣ್ಣ ಸುತ್ತ ಗೆರೆ ಮೂಡಿದವು. ಕಾಕಾ ಎಲೆಯನ್ನು ಹಿಡಿದುಕೊಂಡೇ 'ಏ, ಮಕ್ತುಂ ನಕ್ಕನಲೇ!' ಎಂದು ಓಣಿ ಹಾರಿಹೋಗುವಂತೆ ಕೂಗಿದರು. ಚಾಚಿ ಬಾಗಿಲ ಮರೆಗೆ ಹೋದರು. ನಾನು ಮಹಡಿಯ ಮೇಲೆ ಒಬ್ಬಳೇ ಕುಣಿದೆ. ಮರುವಾರದ ಸೆಮಿನಾರಿಗೆ ಅದೇ ಕುಗ್ಗಿದ ಅಕ್ಷರಗಳ ಚಾರ್ಟನ್ನೇ ಒಯ್ದೆ, ಹಿಂದಿನ ಬೆಂಚಿನವರು ಎದ್ದು ಮುಂದೆ ಬಂದು ನೋಡಿದರು. ಹೇಗಾಯಿತೆಂದು ಕೇಳಬೇಡಿ, ಚೆನ್ನಾಗೇ ಆಯಿತು.

ದೀಪಾವಳಿಗೆ ಅಂಗಡಿಗಳಿಗೆಲ್ಲ ಹೊಸ ಬಣ್ಣ ಬೇಕು. ಆದರೆ ಎರಡು ವರ್ಷದ ಅಕ್ಷರ ನೋಡಿದ್ದ ಪೇಟೆಯವರು ಬೇರೆ ಪೇಂಟರುಗಳ ಕಡೆ ಹೋಗಿದ್ದರು. ಚಾಚಾನಿಗೆ ಬೋರ್ಡು ಕೊಟ್ಟದ್ದು ಚನ್ನಪ್ಪ ಕಾಕಾ ಒಬ್ಬರೇ. ಇದು ಸರಿಯಾಗಿ ಬಂದರೆ ಪೇಟೆ ತಿರುಗಿ ಬರುತ್ತದೆ, ಬರದಿದ್ದರೆ ಕುಂಚ ಕೆಳಗಿಡುತ್ತೇನೆ ಎಂದು ಚಾಚಾ ಚಾಚಿಗೆ ಹೇಳಿದ್ದರಂತೆ.

ಪಾಡ್ಯದ ಹಿಂದಿನ ದಿನ ಬೆಳಿಗ್ಗೆ ಗಿರಣಿಯ ಬಾಗಿಲ ಮೇಲೆ ಹಳೆಯ ಬೋರ್ಡು ಹಳದಿ ಬಣ್ಣ ಬಳಿದುಕೊಂಡು ಕಾಯುತ್ತಿತ್ತು. ಚಾಚಿ ಏಣಿ ಹಿಡಿದರು. ಚಾಚಾ ಹತ್ತಿ, ದಾರ ಜಗ್ಗಿ, ಒಂದೇ ಗೆರೆ ಮೂಡಿಸಿದರು. ಗೀಚಿಕೊಳ್ಳಿ ಎಂದು ಯಾರೂ ಹೇಳಲಿಲ್ಲ. ಕೆಂಪು ಬಣ್ಣದಲ್ಲಿ 'ಶ್ರೀ' ಬಂತು, ಎರಡು ವರ್ಷದ ರೂಢಿಯಂತೆ ಹಿಗ್ಗಿಸಿ ಬರೆದ 'ಶ್ರೀ'. ಆಮೇಲೆ 'ವೀರಭದ್ರೇಶ್ವರ'. ನಾನು ಒಂದೊಂದೇ ಅಕ್ಷರ ನೋಡುತ್ತಿದ್ದೆ. ಕುಗ್ಗಲಿಲ್ಲ. 'ಹಿಟ್ಟಿನ' ಕೂಡ ಕುಗ್ಗಲಿಲ್ಲ. ನನ್ನ ಕಣ್ಣು ಅಕ್ಷರದ ಮೇಲಿದ್ದರೆ ಕಾಕಾನ ಕಣ್ಣು ಬೋರ್ಡಿನ ಅಂಚಿನ ಮೇಲಿತ್ತು. 'ಮಕ್ತುಂ, ಜಾಗಾ ಸಾಲತೈತೇನೋ?' ಎಂದರು. ಚಾಚಾನಿಗೆ ಅದು ಕೇಳಿಸಲಿಲ್ಲ, ಕೈ ಓಡುತ್ತಿತ್ತು. 'ಗಿ' ಬರೆದರು, 'ರ' ಬರೆದರು. ಬೋರ್ಡು ಮುಗಿಯಿತು. 'ಣಿ' ಉಳಿಯಿತು.

ಕುಂಚ ಗಾಳಿಯಲ್ಲಿ ನಿಂತಿತು. ಚಾಚಾ ಹಿಂದಕ್ಕೆ ವಾಲಿ, ತಾವು ಬರೆದದ್ದನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರು. ಅವರ ಹೆಗಲು ಅಲುಗತೊಡಗಿತು. ನಡುಕ ಮತ್ತೆ ಬಂತೆಂದು ಚಾಚಿ ಏಣಿಯನ್ನು ತಬ್ಬಿಕೊಂಡರು. ನಡುಕವಲ್ಲ, ಚಾಚಾ ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವ ಹಾಗೆ.

'ಚನ್ನಪ್ಪಣ್ಣಾ, ಕೈ ಕುಗ್ಗಲಿಲ್ಲೋ, ಬೋರ್ಡ್ ಸಾಲಲಿಲ್ಲ! ಒಂದಕ್ಷರಾ ಉಳೀತು. ಎಲ್ಲಾ ಅಳಿಸಿ ಮತ್ತ ಬರೀಲೇನು?'

ಚನ್ನಪ್ಪ ಕಾಕಾ ಹೆಗಲ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. 'ಯಾಕ ಅಳಸ್ತಿ? ಗ್ವಾಡಿನೂ ನಂದ ಐತಿ. ಬರಿ.'

ಚಾಚಾ ಏಣಿಯ ಮೇಲೆ ಒಂದಿಷ್ಟು ಬಲಕ್ಕೆ ಬಾಗಿ, ಸುಣ್ಣದ ಗೋಡೆಯ ಮೇಲೆ 'ಣಿ' ಬರೆದರು. ಅದು 'ಶ್ರೀ'ಯಷ್ಟೇ ದೊಡ್ಡದಾಗಿತ್ತು.